ಬರೆಯುವ ಹೆಸರು, ಕರೆಯುವ ಹೆಸರು
ನಮ್ಮ ದೇವಾಲಯಗಳಿಗೆ ಜನರಿಟ್ಟ ಹೆಸರುಗಳ ಇತಿಹಾಸ

ನಮ್ಮ ಮನೆಗಳಲ್ಲಿ ಮಗುವಿಗೆ ಎರಡು ಹೆಸರಿರುವುದು ಹೊಸದೇನಲ್ಲ. ಜ್ಞಾನಸ್ನಾನದ ಪುಸ್ತಕದಲ್ಲಿ ಸಂತರ ಹೆಸರು, ಮನೆಯಲ್ಲಿ ಬಾಯ್ತುಂಬ ಕರೆಯಲು ಇನ್ನೊಂದು ಹೆಸರು. ಮಗು ಬೆಳೆದು ದೊಡ್ಡವನಾಗಿ ಊರು ಬಿಟ್ಟರೂ ಅವನನ್ನು ಹುಡುಕಿಕೊಂಡು ಬಂದವರು ಕರೆಯುವ ಹೆಸರನ್ನೇ ಹೇಳುತ್ತಾರೆ. ನಮ್ಮ ದೇವಾಲಯಗಳ ಕಥೆಯೂ ಹೀಗೆಯೇ. ಧರ್ಮಾಧ್ಯಕ್ಷರು ಪ್ರತಿಷ್ಠಾಪಿಸಿದಾಗ ಇಟ್ಟ ಹೆಸರು ಒಂದು. ಸಂತೆಗೆ ಹೋಗುವವರು, ಬಸ್ಸಿನ ಕಂಡಕ್ಟರು, ತೇರಿಗೆ ಬರುವ ಅನ್ಯಧರ್ಮೀಯ ಸಹೋದರರು ಕರೆಯುವ ಹೆಸರು ಮತ್ತೊಂದು.

ಮೊದಲನೆಯ ಹೆಸರಿಗೆ ಕಾನೂನಿನ ಕಾವಲಿದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1218ನೇ ವಿಧಿಯ ಪ್ರಕಾರ ಪ್ರತಿ ದೇವಾಲಯಕ್ಕೂ ತನ್ನದೇ ಆದ ಹೆಸರಿರಬೇಕು; ಪ್ರತಿಷ್ಠಾಪನೆಯಾದ ನಂತರ ಅದನ್ನು ಬದಲಾಯಿಸುವಂತಿಲ್ಲ. ಎರಡನೆಯ ಹೆಸರಿಗೆ ಯಾವ ಕಾವಲೂ ಇಲ್ಲ. ಅದನ್ನು ಯಾರೂ ಬರೆದಿಡಲಿಲ್ಲ. ಹೇಳುವ ಹಿರಿಯರು ಇರುವವರೆಗೆ ಅದು ಇರುತ್ತದೆ, ಅವರೊಂದಿಗೆ ಹೋಗುತ್ತದೆ.

ಹೋದರೆ ನಷ್ಟವೇನು ಎಂದು ಕೇಳಬಹುದು. ಮದುವೆಯ ಮಾತುಕತೆ ಮುಗಿದ ಮನೆಯವರನ್ನು ಕೇಳಿ ನೋಡಿ. ಮದುವೆಗೆ ಮುನ್ನ ಇತ್ತೀಚೆಗೆ ಬರೆಸಿಕೊಂಡ ಜ್ಞಾನಸ್ನಾನ ಪತ್ರ ಬೇಕೆಂದು ಗುರುಗಳು ಹೇಳುತ್ತಾರೆ. ಅದಕ್ಕೆ ಕಾರಣವಿದೆ. ದೃಢೀಕರಣ, ವಿವಾಹ, ಗುರುದೀಕ್ಷೆ ಇವೆಲ್ಲವನ್ನೂ ಜ್ಞಾನಸ್ನಾನದ ದಾಖಲೆಯಲ್ಲೇ ಸೇರಿಸಿ ಬರೆಯಬೇಕೆಂದು 535ನೇ ವಿಧಿ ಹೇಳುತ್ತದೆ. ಆದ್ದರಿಂದ ಆ ಒಂದು ಪುಟ ಒಬ್ಬ ಕಥೋಲಿಕನ ಇಡೀ ಬಾಳಿನ ಪುಟ. ಆ ಪುಟ ಜ್ಞಾನಸ್ನಾನವಾದ ಧರ್ಮಕೇಂದ್ರದಲ್ಲೇ ಇರುತ್ತದೆ. ಆದರೆ ಊರು ಬಿಟ್ಟು ಎರಡು ತಲೆಮಾರಾದ ಕುಟುಂಬಕ್ಕೆ ನೆನಪಿರುವುದು ಅಜ್ಜಿ ಹೇಳುತ್ತಿದ್ದ ಹೆಸರು ಮಾತ್ರ. ಆ ಹೆಸರಿನಿಂದ ಆ ಪುಟದವರೆಗೆ ದಾರಿ ಗೊತ್ತಿರಬೇಕು.

ಗುಡಿ, ಇಗರ್ಜಿ, ಕೋಯಿಲು, ಪಳ್ಳಿ

ದೇವಾಲಯವನ್ನು ಕರೆಯುವ ಪದದಲ್ಲೇ ಮೊದಲ ಸುಳಿವಿದೆ. ಬೆಂಗಳೂರು, ಮೈಸೂರು ಸೀಮೆಯ ಹಳೆಯ ಕನ್ನಡ ಕ್ರೈಸ್ತರು ಇಂದಿಗೂ 'ಗುಡಿ' ಎನ್ನುತ್ತಾರೆ. ತಮಿಳು ಮನೆಗಳಲ್ಲಿ 'ಕೋಯಿಲ್'. ಕರಾವಳಿಯ ಕೊಂಕಣಿ ಕುಟುಂಬಗಳಲ್ಲಿ 'ಇಗರ್ಜಿ'. ಇದು ಪೋರ್ಚುಗೀಸರ 'ಇಗ್ರೆಜಾ' ಎಂಬ ಪದದಿಂದ ಬಂದದ್ದು. ಅದು ಲತೀನಿನ 'ಎಕ್ಲೇಸಿಯ'ದಿಂದ, ಅದು ಮತ್ತೆ ಗ್ರೀಕಿನಿಂದ ಬಂದದ್ದು. ಮೂಲಾರ್ಥ 'ಕರೆದು ಕೂಡಿಸಿದ ಸಭೆ' ಎಂದು. ಮಲಯಾಳ ಮಾತಾಡುವವರು 'ಪಳ್ಳಿ' ಎನ್ನುತ್ತಾರೆ. ಅದೇ ಪದ ಕರಾವಳಿಯಲ್ಲಿ ಮಸೀದಿಗೂ ಸಲ್ಲುತ್ತದೆ. ಕನ್ನಡ ಸೀಮೆಯಲ್ಲಿ 'ಹಳ್ಳಿ'ಯ ಹಳೆಯ ರೂಪವೂ ಹೌದು. ಆದ್ದರಿಂದ 'ಪಳ್ಳಿ' ಎಂದು ಕೇಳಿದ ಕೂಡಲೇ ಗೋಪುರ ಹುಡುಕಬಾರದು.

ಸಂತರ ಹೆಸರುಗಳೂ ಜನರ ನಾಲಿಗೆಯಲ್ಲಿ ಹೊಸ ರೂಪ ಪಡೆದವು. ಸಂತ ಫ್ರಾನ್ಸಿಸ್ ಝೇವಿಯರ್ ತಮಿಳಿನಲ್ಲಿ ಸವೇರಿಯಾರ್ ಆಗಿ, ನಮ್ಮಲ್ಲಿ ಚೌರಪ್ಪ ಆದರು. ಸಂತ ಪೇತ್ರರು ರಾಯಪ್ಪ, ಸಂತ ಪೌಲರು ಚಿನ್ನಪ್ಪ, ಸಂತ ಯೊವಾನ್ನರು ಅರುಳಪ್ಪ, ಸಂತ ಇಗ್ನಾಸಿಯವರು ಇನ್ನಾಸಪ್ಪ, ಸಂತ ಅಂತೋಣಿಯವರು ಅಂತೋಣಪ್ಪ. ಇಂದಿನ ಮಕ್ಕಳಿಗೆ ಇವು ತಾತಂದಿರ ಹೆಸರುಗಳಾಗಿ ಮಾತ್ರ ಗೊತ್ತು. ಆದರೆ 'ಚೌರಪ್ಪನ ಗುಡಿ' ಎಂದು ಹಿರಿಯರೊಬ್ಬರು ಹೇಳಿದರೆ, ಆ ದೇವಾಲಯ ಯಾರಿಗೆ ಸಮರ್ಪಿತವೆಂದು ಅವರು ಸರಿಯಾಗಿಯೇ ಹೇಳಿದ್ದಾರೆ. ನಾವು ಅರ್ಥ ಮಾಡಿಕೊಳ್ಳಬೇಕು, ಅಷ್ಟೇ.

ಒಂದೇ ಅಮ್ಮ, ಹಲವು ಹೆಸರು

ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕವನ್ನೇ ನೋಡೋಣ. ಇಲ್ಲಿ ಒಂದರ ಮೇಲೊಂದು ಹೆಸರು ಕೂತಿದೆ. 1818ರಲ್ಲಿ ಫ್ರೆಂಚ್ ಗುರು ಅಬ್ಬೆ ದುಬ್ವಾ ಅವರ ಕಾಲದಲ್ಲಿ ಇಲ್ಲಿ ಚಿಕ್ಕದೊಂದು ಪ್ರಾರ್ಥನಾಲಯ ಎದ್ದಿತು. ಜನ ಅದನ್ನು 'ಕಾಣಿಕೆ ಮಾತೆಯ ಗುಡಿ' ಎಂದರು. ಬಾಲೆ ಮರಿಯಳನ್ನು ದೇವಾಲಯದಲ್ಲಿ ಕಾಣಿಕೆಯಾಗಿ ಅರ್ಪಿಸಿದ ನೆನಪಿನ ಹೆಸರದು. ಆಗ ಆ ಪ್ರದೇಶಕ್ಕೆ 'ಬಿಳಿ ಅಕ್ಕಿ ಪಳ್ಳಿ' ಎಂಬ ಹೆಸರಿತ್ತು. ಬಿಳಿ ಅಕ್ಕಿ ಬೆಳೆಯುತ್ತಿದ್ದ ಊರಾದ್ದರಿಂದ ಹಾಗೆ ಕರೆದರೆಂಬ ಹೇಳಿಕೆಯಿದೆ. ಇಂಗ್ಲಿಷರ ಬಾಯಲ್ಲಿ ಅದು 'ಬ್ಲ್ಯಾಕ್‌ಪಳ್ಳಿ' ಆಯಿತು. ಬಿಳಿಯದು ಕರಿಯದಾದ ಈ ವಿಚಿತ್ರವನ್ನು ಹಳೆಯ ಬೆಂಗಳೂರಿಗರು ಈಗಲೂ ನಗುತ್ತಾ ಹೇಳುತ್ತಾರೆ.

1832ರ ಗಲಭೆಯಲ್ಲಿ ಆ ದೇವಾಲಯ ಹಾನಿಗೊಂಡಿತು. ಇಂದು ನಾವು ಕಾಣುವ ಗಾಥಿಕ್ ಶೈಲಿಯ ಕಟ್ಟಡದ ಕೆಲಸ 1875ರಲ್ಲಿ ಸ್ವಾಮಿ ಕ್ಲೈನರ್ ಅವರಿಂದ ಆರಂಭವಾಗಿ 1882ರ ಸೆಪ್ಟೆಂಬರ್ 8ರಂದು, ಮಾತೆಯ ಜನ್ಮದಿನದಂದೇ, ಪ್ರತಿಷ್ಠಾಪನೆಯಾಯಿತು. 1974ರಲ್ಲಿ ಅದು ಬಸಿಲಿಕ ಎಂಬ ಗೌರವವನ್ನು ಪಡೆಯಿತು. ಹಾಗಾಗಿ ಪತ್ರದಲ್ಲಿ ಅದು ಸಂತ ಮರಿಯಮ್ಮನವರ ಬಸಿಲಿಕ. ಆದರೆ ಆಗಸ್ಟ್ 29ಕ್ಕೆ ಧ್ವಜ ಏರಿದ ಮೇಲೆ ಕಾವಿ ಬಣ್ಣದ ಸೀರೆಯುಟ್ಟು ಬರಿಗಾಲಲ್ಲಿ ಬರುವ ತಾಯಂದಿರಿಗೆ ಅದು 'ಆರೋಗ್ಯಮಾತೆಯ ಗುಡಿ'. ಕ್ರೈಸ್ತರಲ್ಲದ ಅದೆಷ್ಟೋ ತಾಯಂದಿರಿಗೂ ಹಾಗೆಯೇ. ಹಳೆಯ ಮನೆಯೊಂದರಲ್ಲಿ 'ಕಾಣಿಕೆ ಮಾತೆ' ಎಂಬ ಹೆಸರು ಕೇಳಿಸಿದರೆ, ಆ ಮನೆಯವರ ನೆನಪು ಇಂದಿನ ಕಟ್ಟಡಕ್ಕಿಂತಲೂ ಹಿಂದಿನದೆಂದು ತಿಳಿಯಬೇಕು.

ಬೆಂಗಳೂರು ಕೋಟೆಯ ಸಮೀಪವಿದ್ದ ಹಳೆಯ ಪ್ರಾರ್ಥನಾಲಯವೊಂದಕ್ಕೆ 'ಡ್ರಮ್ಮರ್ಸ್ ಚಾಪೆಲ್' ಎಂಬ ಹೆಸರಿತ್ತು. ಬ್ರಿಟಿಷ್ ಪಡೆಯಲ್ಲಿ ಡ್ರಮ್ ಬಾರಿಸುತ್ತಿದ್ದ ಕಥೋಲಿಕರು ಅಲ್ಲಿ ಪ್ರಾರ್ಥಿಸುತ್ತಿದ್ದರು. ದೊಡ್ಡ ಅಧಿಕಾರಿಗಳ ಹೆಸರುಗಳು ಗೋಡೆಯ ಕಲ್ಲುಗಳಲ್ಲಿ ಉಳಿಯುತ್ತವೆ. ಬಡ ಡ್ರಮ್ಮಿನವರ ನೆನಪು ಜನರಿಟ್ಟ ಹೆಸರಿನಲ್ಲಿ ಉಳಿಯಿತು.

ಮೈಸೂರಿನ ಫಿಲೋಮಿನಾ

ಮೈಸೂರಿಗೆ ಬಂದವರು ಅರಮನೆ ನೋಡಿದ ಮೇಲೆ 'ಫಿಲೋಮಿನಾ ಚರ್ಚ್ ಎಲ್ಲಿದೆ?' ಎಂದು ಕೇಳುತ್ತಾರೆ. 'ಸಂತ ಜೋಸೆಫರ ಪ್ರಧಾನಾಲಯ ಎಲ್ಲಿದೆ?' ಎಂದು ಕೇಳುವವರು ಅಪರೂಪ. ಆದರೆ ಆ ಮಹಾ ದೇವಾಲಯ ಸಂತ ಜೋಸೆಫರಿಗೂ ಸಂತ ಫಿಲೋಮಿನಾ ಅವರಿಗೂ ಸೇರಿದ್ದು. ಅಲ್ಲಿ 1843ರಲ್ಲೇ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಒಂದು ದೇವಾಲಯವಿತ್ತು. ಮಹಾರಾಜರ ಹುಜೂರ್ ಕಾರ್ಯದರ್ಶಿಯಾಗಿದ್ದ ತಂಬು ಚೆಟ್ಟಿಯವರ ಪ್ರಯತ್ನದಿಂದ 1926ರಲ್ಲಿ ಸಂತ ಫಿಲೋಮಿನಾರ ಪವಿತ್ರ ಅವಶೇಷ ಮೈಸೂರಿಗೆ ದೊರೆಯಿತು. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಹೊಸ ದೇವಾಲಯಕ್ಕೆ ಅಡಿಗಲ್ಲು ಹಾಕಿದರು. 175 ಅಡಿಯ ಆ ಜೋಡಿ ಗೋಪುರಗಳು ಇಂದು ಮೈಸೂರಿನ ಗುರುತಾಗಿವೆ.

ಫಿಲೋಮಿನಾ ಎಂಬ ಹೆಸರೇ ಹುಡುಕಿ ಪಡೆದ ಹೆಸರು. 1802ರಲ್ಲಿ ರೋಮಿನ ಪ್ರಿಸಿಲ್ಲಾ ಸಮಾಧಿ ಗುಹೆಯಲ್ಲಿ ಒಂದು ಸಮಾಧಿ ಸಿಕ್ಕಿತು. ಅದನ್ನು ಮುಚ್ಚಿದ್ದ ಮೂರು ಸುಟ್ಟ ಮಣ್ಣಿನ ಹಲಗೆಗಳ ಮೇಲಿನ ಅಕ್ಷರಗಳನ್ನು ಇದ್ದ ಕ್ರಮದಲ್ಲಿ ಓದಿದರೆ ಅರ್ಥವಾಗುತ್ತಿರಲಿಲ್ಲ. ಒಂದು ಹಲಗೆಯ ಸ್ಥಾನ ಬದಲಿಸಿ ಓದಿದಾಗ 'ನಿನಗೆ ಶಾಂತಿ, ಫಿಲೋಮಿನಾ' ಎಂಬ ಅರ್ಥ ಹೊರಟಿತು. 1961ರಲ್ಲಿ ರೋಮಿನ ಆದೇಶದಂತೆ ಅವರ ಹೆಸರನ್ನು ಪೂಜಾ ಪಂಚಾಂಗಗಳಿಂದ ತೆಗೆಯಲಾಯಿತು. ಅವರ ಜೀವನದ ಬಗ್ಗೆ ಇತಿಹಾಸದ ಆಧಾರ ಸಾಲದೆಂಬುದು ವಿದ್ವಾಂಸರ ಆಕ್ಷೇಪವಾಗಿತ್ತು. ಪಂಚಾಂಗ ಬದಲಾಯಿತು, ಮೈಸೂರಿನವರ ನಾಲಿಗೆ ಬದಲಾಗಲಿಲ್ಲ. ಆಟೋ ಚಾಲಕರಿಂದ ಹಿಡಿದು ಹೂ ಮಾರುವವರವರೆಗೆ ಎಲ್ಲರಿಗೂ ಅದು ಫಿಲೋಮಿನಾ ಚರ್ಚೇ. ಜೋಸೆಫರು ಎಂದಿನಂತೆ ಮೌನವಾಗಿ ಹಿಂದೆ ನಿಂತಿದ್ದಾರೆ.

ಅದೇ ಸೀಮೆಯ ಡೋರನಹಳ್ಳಿಯ ಕಥೆ ಇನ್ನೊಂದು ಬಗೆಯದು. ಹೊಲ ಉಳುತ್ತಿದ್ದ ರೈತನಿಗೆ ಮಣ್ಣಿನಲ್ಲಿ ಮರದ ಪ್ರತಿಮೆಯೊಂದು ಸಿಕ್ಕಿತೆಂದೂ ಅದು ಸಂತ ಅಂತೋಣಿಯವರದೆಂದೂ ಅಲ್ಲಿನ ಪರಂಪರೆ ಹೇಳುತ್ತದೆ. 2019ರಲ್ಲಿ ಅದೂ ಬಸಿಲಿಕ ಆಯಿತು. ಆದರೂ ಜನ 'ಡೋರನಹಳ್ಳಿಗೆ ಹೋಗಿ ಬಂದೆವು' ಎಂದಷ್ಟೇ ಹೇಳುತ್ತಾರೆ. ಊರಿನ ಹೆಸರೇ ಸಂತರ ಹೆಸರಾಗಿಬಿಟ್ಟಿದೆ.

ಕರಾವಳಿಯ ಮಿಲಾರ್ ಮತ್ತು ಸಾಂತ್‌ಮಾರಿ

ಮಂಗಳೂರಿನ ಹಂಪನಕಟ್ಟೆಯ ಮಿಲಾಗ್ರಿಸ್ ದೇವಾಲಯವನ್ನು ಕೊಂಕಣಿಗರು 'ಮಿಲಾರ್' ಎನ್ನುತ್ತಾರೆ. 'ಮಿಲಾಗ್ರಿಸ್' ಎಂದರೆ ಪೋರ್ಚುಗೀಸಿನಲ್ಲಿ ಪವಾಡಗಳು. ಪವಾಡಗಳ ಮಾತೆಗೆ ಅರ್ಪಿತವಾದ ಇಗರ್ಜಿ ಅದು. 1568ರ ರೊಜಾರಿಯೊ ಇಗರ್ಜಿ, ಅಂದರೆ ಜಪಮಾಲೆ ಮಾತೆಯದು, 'ರೊಜಾರ್' ಆಯಿತು. ಹಂಪನಕಟ್ಟೆಯ ಇಗರ್ಜಿಯನ್ನು 1680ರಲ್ಲಿ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಕಟ್ಟಿಸಿದರು. 1784ರಲ್ಲಿ ಕೆನರಾದ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದಾಗ ಅದು ನೆಲಸಮವಾಯಿತು. 1799ರ ನಂತರ ಬದುಕುಳಿದವರು ಹಿಂತಿರುಗಿದಾಗ ಕಟ್ಟಡವಿರಲಿಲ್ಲ. ಹೆಸರಿತ್ತು. ಆ ಹೆಸರಿನ ಮೇಲೆಯೇ ಮತ್ತೆ ಇಗರ್ಜಿ ಕಟ್ಟಿದರು. ಕಲ್ಲು ಉಳಿಯದ ಕಡೆ ಹೆಸರು ಉಳಿದು ದಾರಿ ತೋರಿತು.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಉಡುಪಿಯ ಹತ್ತಿರ ಕಲ್ಯಾಣಪುರದಲ್ಲೂ ಮಿಲಾಗ್ರಿಸ್ ಇದೆ. ಅದು 1678ರಷ್ಟು ಹಳೆಯದು. 2012ರಲ್ಲಿ ಉಡುಪಿ ಧರ್ಮಕ್ಷೇತ್ರ ರಚನೆಯಾದಾಗ ಅದು ಪ್ರಧಾನಾಲಯವಾಯಿತು. ಮುಂಬಯಿಯಲ್ಲೋ ಕುವೈತಿನಲ್ಲೋ ಹುಟ್ಟಿದ ಮೊಮ್ಮಗ 'ಅಜ್ಜ ಮಿಲಾರಿನವರು' ಎಂದಷ್ಟೇ ತಿಳಿದಿದ್ದರೆ ಎರಡು ಧರ್ಮಕ್ಷೇತ್ರಗಳಲ್ಲಿ ಹುಡುಕಬೇಕಾದೀತು.

ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ದೇವಾಲಯಕ್ಕೆ 2016ರಲ್ಲಿ ಬಸಿಲಿಕ ಎಂಬ ಗೌರವ ದೊರೆಯಿತು. ಆದರೆ ತುಳುನಾಡಿನ ಹಿಂದೂ, ಜೈನ, ಮುಸ್ಲಿಂ ಬಂಧುಗಳಿಗೆ ಅದು 'ಅತ್ತೂರು ಸಾಂತ್‌ಮಾರಿ'. ಜಾತ್ರೆಯ ಹೆಸರೇ ದೇವಾಲಯಕ್ಕೂ ನಿಂತಿದೆ. ಸಂತ ಲಾರೆನ್ಸರ ಪುಟ್ಟ ಪ್ರತಿಮೆಯನ್ನು ಹೊತ್ತು ತಂದವರು ಒರತೆಯ ಬಳಿ ಕೆಳಗಿಟ್ಟರು. ಮತ್ತೆ ಎತ್ತಲು ಹೋದರೆ ಅದು ಕದಲಲಿಲ್ಲ ಎಂಬ ಕಥೆ ಅಲ್ಲಿದೆ. ಸಂತರ ಹಬ್ಬ ಪಂಚಾಂಗದಲ್ಲಿ ಆಗಸ್ಟ್ 10. ಅತ್ತೂರಿನ ಮಹೋತ್ಸವ ಮಾತ್ರ ಜನವರಿಯಲ್ಲಿ.

ಇಬ್ಬರು ದುಬ್ವಾ

ಕೆಲವು ಕಡೆ ಜನ ಸಂತರನ್ನೂ ಊರನ್ನೂ ಬಿಟ್ಟು ಗುರುವಿನ ಹೆಸರು ಹಿಡಿದರು. ಶ್ರೀರಂಗಪಟ್ಟಣದ ಗಂಜಾಮಿನ ದೇವಾಲಯ 'ಅಬ್ಬೆ ದುಬ್ವಾ ಚರ್ಚ್' ಎಂದೇ ಪ್ರಸಿದ್ಧ. ಝಾನ್ ಅಂತ್ವಾನ್ ದುಬ್ವಾ 1792ರಲ್ಲಿ ಭಾರತಕ್ಕೆ ಬಂದರು. 1799ರ ನಂತರ ಮೈಸೂರು ಸೀಮೆಯ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಿದರು. ಜನರಂತೆ ಉಟ್ಟು, ಜನರಂತೆ ಉಂಡು, ಸಿಡುಬಿನ ಲಸಿಕೆ ಹಾಕಿಸಿಕೊಳ್ಳುವಂತೆ ಹಳ್ಳಿಹಳ್ಳಿಗಳಲ್ಲಿ ಮನವೊಲಿಸಿದರು. 1823ರಲ್ಲಿ ಫ್ರಾನ್ಸಿಗೆ ಮರಳಿದರು. ಜನ ಅವರನ್ನು ಕರೆದದ್ದು 'ದೊಡ್ಡಸ್ವಾಮಿಯವರು' ಎಂದು.

ಮಂಗಳೂರಿನ ಕುಲಶೇಖರದ ಪವಿತ್ರ ಶಿಲುಬೆಯ ದೇವಾಲಯವನ್ನು ಎಲ್ಲರೂ 'ಕೊರ್ಡೆಲ್' ಎನ್ನುತ್ತಾರೆ. ಅಲ್ಲಿಯೂ ಒಬ್ಬ ಫ್ರೆಂಚ್ ದುಬ್ವಾ ಇದ್ದರು. ಅವರು ಕಾರ್ಮೆಲ್ ಸಭೆಯ ಸ್ವಾಮಿ ಅಲೆಕ್ಸಾಂಡರ್ ದುಬ್ವಾ. 1873ರಲ್ಲಿ ಅಲ್ಲಿನ ಇಗರ್ಜಿ ಕಟ್ಟಿಸಿ, 1877ರಲ್ಲಿ ತೀರಿಕೊಂಡರು. ಅವರ ಸಮಾಧಿಗೆ ಇಂದಿಗೂ ಭಕ್ತರು ಬರುತ್ತಾರೆ. ಕೊಂಕಣಿಗರಿಗೆ ಅವರು 'ಫ್ರಾದ್ ಸಾಯ್ಬ್'. ಪುಸ್ತಕದ ಹೆಸರಿನಿಂದ ಹುಡುಕಿದರೆ ಈ ಇಬ್ಬರನ್ನೂ ಒಬ್ಬರೆಂದು ತಿಳಿಯುವ ಅಪಾಯವಿದೆ. ದೊಡ್ಡಸ್ವಾಮಿ, ಫ್ರಾದ್ ಸಾಯ್ಬ್ ಎಂದಾಗ ಗೊಂದಲವೇ ಇಲ್ಲ. ಇಲ್ಲಿ ಕರೆಯುವ ಹೆಸರೇ ಹೆಚ್ಚು ಖಚಿತ!

ಹೊರಗಿನವರಿಟ್ಟ ಹೆಸರು

ಕರೆಯುವ ಹೆಸರುಗಳೆಲ್ಲವೂ ಪ್ರೀತಿಯಿಂದ ಹುಟ್ಟಿದವಲ್ಲ. ಹಾಸನದ ಬಳಿಯ ಶೆಟ್ಟಿಹಳ್ಳಿಯ ದೇವಾಲಯ ಈಗ 'ಮುಳುಗುವ ಚರ್ಚ್' ಎಂದು ಹೆಸರಾಗಿದೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಆ ದೇವಾಲಯ ಜಪಮಾಲೆ ಮಾತೆಗೆ ಸಮರ್ಪಿತವಾಗಿತ್ತು. ಗೊರೂರಿನಲ್ಲಿ ಹೇಮಾವತಿ ನದಿಗೆ ಅಣೆಕಟ್ಟು ಬಂದಾಗ ಊರು ಖಾಲಿಯಾಯಿತು. ಮಳೆಗಾಲದಲ್ಲಿ ನೀರು ಏರಿ ಕಮಾನುಗಳವರೆಗೆ ಬರುತ್ತದೆ, ಬೇಸಗೆಯಲ್ಲಿ ಗೋಡೆಗಳು ಮತ್ತೆ ಕಾಣಿಸುತ್ತವೆ. ಫೋಟೋ ತೆಗೆಯಲು ಬರುವವರಿಗೆ ಅದೊಂದು ನೋಟ. ಆದರೆ ಅಲ್ಲಿ ಮಕ್ಕಳಿಗೆ ಜ್ಞಾನಸ್ನಾನವಾಗಿತ್ತು, ಮದುವೆಯ ಗಂಟೆ ಬಾರಿಸಿತ್ತು, ಹಿರಿಯರನ್ನು ಕಳುಹಿಸಿಕೊಡುವ ಪ್ರಾರ್ಥನೆ ನಡೆದಿತ್ತು. ಮನೆ, ಹೊಲ ಬಿಟ್ಟು ಹೋದ ಆ ಕುಟುಂಬಗಳಿಗೆ ಅದು ಜಪಮಾಲೆ ಮಾತೆಯ ಗುಡಿ. ಅವರ ಹೆಸರನ್ನು ನಾವು ಉಳಿಸದಿದ್ದರೆ ನೀರಿನ ಹೆಸರೇ ಉಳಿದೀತು.

ಹುಡುಕುವ ದಾರಿ

ಅಜ್ಜಿಯ ಬಾಯಿಂದ ಬಂದ ಹೆಸರೊಂದೇ ನಮ್ಮ ಕೈಯಲ್ಲಿದ್ದರೆ ಏನು ಮಾಡಬೇಕು? ಮೊದಲು ಹಬ್ಬ ಯಾವಾಗ ಎಂದು ಕೇಳಿ. ಸೆಪ್ಟೆಂಬರ್ 8 ಎಂದರೆ ಮಾತೆಯ ಜನನೋತ್ಸವ, ಜೂನ್ 13 ಎಂದರೆ ಸಂತ ಅಂತೋಣಿ, ಜೂನ್ 29 ಎಂದರೆ ರಾಯಪ್ಪ-ಚಿನ್ನಪ್ಪ, ಡಿಸೆಂಬರ್ 3 ಎಂದರೆ ಚೌರಪ್ಪ, ಅಕ್ಟೋಬರ್ 7 ಎಂದರೆ ಜಪಮಾಲೆ ಮಾತೆ. ಅತ್ತೂರಿನಂತೆ ಪಂಚಾಂಗಕ್ಕೆ ಹೊಂದದ ಹಬ್ಬವೂ ಇರಬಹುದಾದ್ದರಿಂದ, ತೇರಿನಲ್ಲಿ ಯಾರ ಪ್ರತಿಮೆ ಕೂರಿಸುತ್ತಿದ್ದರು ಎಂದೂ ಕೇಳಿ. ನಂತರ ಆಗಿನ ಸ್ವಾಮಿಗಳು ಯಾರು, ಹತ್ತಿರದ ಸಂತೆ, ಕೆರೆ, ಸ್ಟೇಷನ್ ಯಾವುದು ಎಂದು ವಿಚಾರಿಸಿ.

ಮುಂದಿನ ಪ್ರಶ್ನೆ ಬಹಳ ಮುಖ್ಯ: ಆಗ ಅದು ಧರ್ಮಕೇಂದ್ರವಾಗಿತ್ತೇ, ಇಲ್ಲವೇ ಇನ್ನೊಂದು ಧರ್ಮಕೇಂದ್ರಕ್ಕೆ ಸೇರಿದ ಉಪಕೇಂದ್ರವೇ? ಉಪಕೇಂದ್ರವಾಗಿದ್ದರೆ ಜ್ಞಾನಸ್ನಾನದ ಪುಸ್ತಕ ತಾಯಿ ದೇವಾಲಯದಲ್ಲಿರುವ ಸಾಧ್ಯತೆ ಹೆಚ್ಚು. ಧರ್ಮಕ್ಷೇತ್ರದ ಗಡಿಗಳೂ ಬದಲಾಗಿವೆ. 1940ರಲ್ಲಿ ಬೆಂಗಳೂರು ಮತ್ತು ಮೈಸೂರು ಬೇರೆ ಬೇರೆ ಧರ್ಮಕ್ಷೇತ್ರಗಳಾದವು. 1963ರಲ್ಲಿ ಚಿಕ್ಕಮಗಳೂರು, 1988ರಲ್ಲಿ ಶಿವಮೊಗ್ಗ, 2012ರಲ್ಲಿ ಉಡುಪಿ ಬಂದವು. ಪುಸ್ತಕ ತೆರೆದಾಗಲೂ ತಾಳ್ಮೆಯಿರಲಿ. ಹಳೆಯ ದಾಖಲೆಗಳು ಲತೀನಿನಲ್ಲಿವೆ. ಮನೆಯ ಇನ್ನಾಸಪ್ಪ ಅಲ್ಲಿ ಇಗ್ನಾಸಿಯುಸ್ ಆಗಿ ಕೂತಿರುತ್ತಾನೆ.

ಎರಡೂ ಹೆಸರು ಬೇಕು

ಜನರಿಟ್ಟ ಹೆಸರನ್ನು ಕೀಳೆಂದು ಭಾವಿಸಬೇಕಾಗಿಲ್ಲ. ಮದರಾಸಿನ ಮೈಲಾಪುರದಲ್ಲಿ 1516ರ ಪ್ರಕಾಶಮಾತೆಯ ದೇವಾಲಯವಿದೆ. ಸುತ್ತ ನಗರವೇ ತುಂಬಿದ್ದರೂ ಅಲ್ಲಿನವರು ಅದನ್ನು 'ಕಾಟ್ಟು ಕೋಯಿಲ್', ಕಾಡಿನ ಗುಡಿ, ಎಂದೇ ಕರೆಯುತ್ತಾರೆ. ಮರಗಳು ಹೋದವು, ಅವುಗಳ ನೆನಪು ಹೆಸರಿನಲ್ಲಿದೆ. ರೋಮಿನಲ್ಲೂ ಹೀಗೆಯೇ. ಪೋಪ್ ಜಗದ್ಗುರುಗಳ ಪ್ರಧಾನಾಲಯ ಅತಿ ಪವಿತ್ರ ರಕ್ಷಕರಿಗೂ ಸ್ನಾನಿಕ ಯೊವಾನ್ನ ಮತ್ತು ಶುಭಸಂದೇಶಕಾರ ಯೊವಾನ್ನರಿಗೂ ಸಮರ್ಪಿತ. ಆದರೆ ಜಗತ್ತು ಅದನ್ನು 'ಲಾತೆರಾನ್' ಎನ್ನುತ್ತದೆ. ಆ ಜಾಗ ಪೂರ್ವಕಾಲದಲ್ಲಿ ಲಾತೆರಾನಿ ಎಂಬ ಮನೆತನದ್ದಾಗಿತ್ತು. ನವೆಂಬರ್ 9ರಂದು ನಾವೆಲ್ಲರೂ ಆಚರಿಸುವ ಹಬ್ಬದ ಹೆಸರಿನಲ್ಲೇ ಆ ಮನೆತನ ಸೇರಿಕೊಂಡಿದೆ.

ಪವಿತ್ರ ಗ್ರಂಥವೂ ಇದನ್ನು ಬಲ್ಲದು. ಯಕೋಬನು ಕನಸಿನಲ್ಲಿ ಏಣಿಯನ್ನು ಕಂಡ ಜಾಗಕ್ಕೆ ಬೇತೇಲ್ ಎಂದು ಹೆಸರಿಟ್ಟಾಗ, ಅದರ ಹಿಂದಿನ ಹೆಸರು ಲೂಜ್ ಎಂಬುದನ್ನೂ ಆದಿಕಾಂಡ ಮರೆಯದೆ ದಾಖಲಿಸುತ್ತದೆ. ಸಂತ ಯೊವಾನ್ನರು ತಮ್ಮ ಶುಭಸಂದೇಶದಲ್ಲಿ ಯೇಸುಸ್ವಾಮಿ ನ್ಯಾಯವಿಚಾರಣೆಗೆ ನಿಂತ ಕಲ್ಲುಹಾಸನ್ನು ಹೇಳುವಾಗ ಗಬ್ಬಥಾ ಎಂಬ ಊರವರ ಹೆಸರನ್ನೂ ಕೊಡುತ್ತಾರೆ. ಶಿಲುಬೆ ನೆಟ್ಟ ಕಪಾಲ ಸ್ಥಳಕ್ಕೆ ಗೊಲ್ಗೊಥಾ ಎಂಬ ಹೆಸರನ್ನೂ ಕೊಡುತ್ತಾರೆ. ದೂರದಲ್ಲಿರುವ ಓದುಗನಿಗೆ ಅರ್ಥವಾಗಲೆಂದು ಒಂದು, ಅಲ್ಲಿ ನಡೆದಾಡಿದವರ ನಾಲಿಗೆಯಿಂದ ಇನ್ನೊಂದು. ನಮ್ಮ ರಕ್ಷಣೆಯ ಜಾಗ ನಮಗೆ ಎರಡೂ ಹೆಸರುಗಳಲ್ಲಿ ತಲುಪಿದೆ.

ಪ್ರಿಯ ಓದುಗರೇ, ನಿಮ್ಮ ಧರ್ಮಕೇಂದ್ರದ ಹಬ್ಬ ಬಂದಾಗ ಒಂದು ಚಿಕ್ಕ ಕೆಲಸ ಮಾಡಿ. ಮನೆಯ ಹಿರಿಯರನ್ನು, ಸಾಧ್ಯವಾದರೆ ದೇವಾಲಯದ ಎದುರಿನ ಅಂಗಡಿಯ ಅನ್ಯಧರ್ಮೀಯ ಹಿರಿಯರನ್ನೂ ಕೇಳಿ: 'ನಿಮ್ಮ ಕಾಲದಲ್ಲಿ ಈ ಗುಡಿಯನ್ನು ಏನೆಂದು ಕರೆಯುತ್ತಿದ್ದರು? ಯಾಕೆ?' ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದು, ಹೇಳಿದವರ ಹೆಸರು ಮತ್ತು ದಿನಾಂಕ ಸೇರಿಸಿ ಗುರುಗಳ ಕೈಗೆ ಕೊಡಿ. ಜ್ಯೂಬಿಲಿಯ ಸ್ಮರಣ ಸಂಚಿಕೆಗಳಲ್ಲಿ ಕಟ್ಟಡದ ಅಳತೆ, ಖರ್ಚು, ದಾನಿಗಳ ಪಟ್ಟಿಯ ಜೊತೆಗೆ ಈ ಹೆಸರುಗಳಿಗೂ ಅರ್ಧ ಪುಟ ಇರಲಿ. ನಾಳೆ ದೂರದ ಊರಿನಿಂದ ಯಾರೋ ಒಬ್ಬ ಮೊಮ್ಮಗಳು ಅಜ್ಜಿಯ ಜ್ಞಾನಸ್ನಾನದ ಪುಟವನ್ನು ಹುಡುಕಿಕೊಂಡು ಬರುತ್ತಾಳೆ. ಅವಳ ಕೈಯಲ್ಲಿರುವುದು ಕರೆಯುವ ಹೆಸರೊಂದೇ. ಆ ಹೆಸರನ್ನು ಕೇಳಿ 'ಗೊತ್ತಮ್ಮಾ, ಬಾ' ಎನ್ನುವವರು ನಮ್ಮ ಪ್ರತಿ ಧರ್ಮಕೇಂದ್ರದಲ್ಲೂ ಇರಲಿ.